ಬಚ್ಚಣ್ಣನ ಸೈಕಲ್ ಸೀಟು

ಪದ್ದು ಬ್ಯಾಟರಿ ಸೈಕಲ್ಲನ್ನು ಜಗಲಿಯಿಂದ ಅಂಗಳಕ್ಕೆ ಇಳಿಸುವ ಭರದಲ್ಲಿ ಅವನ ಹೆಬ್ಬೆರಳು ಹ್ಯಾಂಡಲಿನ ಯಾವುದೋ ಗುಂಡಿಯ ಮೇಲೆ ಬಿತ್ತು. ಸೈಕಲ್ಲು ಗುಂಯ್ ಎಂದು ತನ್ನಷ್ಟಕ್ಕೆ ಹೊರಟುಬಿಟ್ಟಿತು. ಕೈ ಬಿಡಬೇಕೆಂದು ತೋಚದೆ ಅವನೂ ಅದರ ಜೊತೆಗೇ ಓಡಿದ. ತುಳಸಿಕಟ್ಟೆಗೆ ಅರ್ಧ ಸುತ್ತು ಬಂದು, ಶಾಮಿಯಾನದವರು ಪೇರಿಸಿಟ್ಟಿದ್ದ ನೀಲಿ ಕುರ್ಚಿಗಳಿಗೆ ಗುದ್ದಿ, ಕುರ್ಚಿ, ಸೈಕಲ್ಲು, ಪದ್ದು ಎಲ್ಲ ಒಟ್ಟಿಗೆ ಮಗುಚಿದವು.

ಸಾವಿನ ಮನೆ. ಒಳಗೆ ಬಚ್ಚಣ್ಣನ ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಯಾರೂ ನಗುವಂತಿರಲಿಲ್ಲ. ಆದರೆ ಬಚ್ಚಣ್ಣನ ಹಳೆಯ ಜೊತೆಗಾರ ಭೋಜಣ್ಣ ಕೂತಲ್ಲಿಂದಲೇ ಹೇಳಿದರು: "ಹ್ವಾಯ್ ಪದ್ದು, ಬ್ರೇಕ್ ಹಿಡಿ ಮಾರಾಯಾ. ಭಾವನ್ ಒಟ್ಟಿಗೆ ನೀನೂ ಹೋಪ ಅಂದಾಜಾ?"

ಅಲ್ಲಿಗೆ ಶಾಮಿಯಾನದ ಅಡಿಯಲ್ಲಿದ್ದವರ ಕಟ್ಟು ಸಡಿಲವಾಯಿತು. ನಗು ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಗೆ ಹೋಯಿತು. ಗಂಡನ ಪಕ್ಕ ಕೂತಿದ್ದ ಜಲಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಕುಲುಕುವುದನ್ನು ಕಂಡು, ಆಗಷ್ಟೇ ಬಸ್ಸಿಳಿದು ಬಂದವರು ದುಃಖ ಉಕ್ಕಿ ಬಂದಿದೆ ಎಂದುಕೊಂಡು ಬೆನ್ನು ಸವರಿದರು.

ನೆರೆಮನೆಯಿಂದ ಬಂದ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಸೆ ವಿನಯಾ ಮಾತ್ರ ನಗಲಿಲ್ಲ. ಸೈಕಲ್ಲಿಗೆ ಏನಾದರೂ ಆಯಿತೇ ಎಂದು ನೋಡಿದಳು. ಹಾಗೆ ನೋಡಿದ್ದಕ್ಕೆ ತನಗೇ ನಾಚಿಕೆಯಾಗಿ ತಟ್ಟೆಯ ಕಡೆ ಕಣ್ಣು ತಿರುಗಿಸಿದಳು.

ಕುಂಭಾಶಿಯಲ್ಲಿ ಅಂಗಡಿ ಇಟ್ಟಿದ್ದ ಪದ್ದು ಜಲಜಕ್ಕನ ತಮ್ಮ. ಸಾವಿನ ಕಟ್ಟಳೆಗಳೆಲ್ಲ ತನಗೆ ಗೊತ್ತೆಂಬುದು ಅವನ ನಂಬಿಕೆ. ಲುಂಗಿಯ ಧೂಳು ಕೊಡವಿಕೊಂಡು ಮತ್ತೆ ಶುರು ಮಾಡಿದ. ಜೀವ ಹೋದ ಚಾಪೆ ಮನೆಯಲ್ಲಿ ಉಳಿಯಬಾರದು, ಹೆಣದ ಜೊತೆಗೇ ಹೊರಗೆ ಹೋಗಬೇಕು, ಅದು ಹಿಂದಿನಿಂದ ಬಂದದ್ದು. ಭಾವ ನಿನ್ನೆ ಸಂಜೆ ಗಾಳಿಗುಡ್ಡೆಯ ತುದಿಯಲ್ಲಿ, ಗೇರುಮರಕ್ಕೆ ಒರಗಿ, ಈ ಬ್ಯಾಟರಿ ಸೈಕಲ್ಲಿನ ಮೇಲೆ ಕೂತಲ್ಲೇ ಹೋಗಿದ್ದಾರೆ. ಅಂದ ಮೇಲೆ ಇದೇ ಅವರ ಚಾಪೆ. ಬಸ್ರೂರಿನ ಗುಜರಿಯವನಿಗೆ ಆಗಲೇ ಫೋನು ಮಾಡಿಯೂ ಆಗಿತ್ತು. ಹೆಣ ಏಳುವ ಮೊದಲು ಅವನ ಟೆಂಪೋ ಬರುವುದಿತ್ತು.

ಹಿರಿಯರಲ್ಲಿ ಚರ್ಚೆ ಎದ್ದಿತು. "ನಮ್ಮ ದೊಡ್ಡಪ್ಪ ಬಸ್ಸಗ್ ಕೂಕಂಡೇ ಹೋದ್ರ್. ಬಸ್ಸ್ ಸುಟ್ರಾ?" ಎಂದು ಒಬ್ಬರು ಕೇಳಿದರು. ಬಸ್ಸು ಮನೆಯದಲ್ಲ, ಸೈಕಲ್ಲು ಮನೆಯದು ಎಂದು ಪದ್ದು ಹೇಳಿದ. "ಅಲ್ಲದೆ ಈ ಪ್ರಾಯದಗ್ ಗುಡ್ಡಿ ಹತ್ತಿಸಿ ಕೊಂದದ್ದೂ ಇದೇ ಅಲ್ದಾ?" ಎಂದು ಸೇರಿಸಿದ.

ಮದುವೆಯಾಗಿ ಬಂದ ಮನೆಯಲ್ಲಿ, ಇಷ್ಟು ಗಂಡಸರ ನಡುವೆ ಬಾಯಿ ಬಿಡುವುದು ಹೇಗೆಂದು ವಿನಯಾಗೆ ತಿಳಿಯಲಿಲ್ಲ. ಆ ಸೈಕಲ್ಲು ಹೋದರೆ ತಾನು ಇನ್ನೆಂದೂ ಗುಡ್ಡೆ ಹತ್ತುವುದಿಲ್ಲ ಎಂಬುದು ಮಾತ್ರ ತಿಳಿದಿತ್ತು.

*

ಬಚ್ಚಣ್ಣನ ಮನೆ ಗಾಳಿಗುಡ್ಡೆಯ ಮೂಡುಬದಿಗೆ, ಕಡಲು ಪಡುಬದಿಗೆ. ಪ್ರಾಯದಲ್ಲಿ ದಿನ ಬೆಳಗಾದರೆ ಅವರು ಖಾಲಿ ಬುಟ್ಟಿ ಕಟ್ಟಿದ ಸೈಕಲ್ಲು ತೆಗೆದುಕೊಂಡು ಗುಡ್ಡೆ ದಾಟಿ ನಾವುಂದದ ಕಡಲ ಕರೆಗೆ ಇಳಿಯುತ್ತಿದ್ದರು. ಬಂಗುಡೆಯನ್ನೋ ಬೈಗೆ ಮೀನನ್ನೋ ತುಂಬಿಕೊಂಡು ಮತ್ತೆ ಗುಡ್ಡೆ ಹತ್ತಿ ಒಳಗಿನ ಊರುಗಳಿಗೆ ಮಾರಲು ಹೋಗುತ್ತಿದ್ದರು. ಹತ್ತುವಾಗ ಭೋಜಣ್ಣ ಬೇಕೇ ಬೇಕು. ಬಚ್ಚಣ್ಣನ ಸೈಕಲ್ಲಿಗೆ ಭೋಜಣ್ಣ, ಭೋಜಣ್ಣನ ಸೈಕಲ್ಲಿಗೆ ಬಚ್ಚಣ್ಣ, ಹೀಗೆ ಒಬ್ಬರದನ್ನೊಬ್ಬರು ಹಿಂದಿನಿಂದ ದೂಡಿ ತುದಿ ಮುಟ್ಟಿಸಬೇಕು. ದಾರಿಯಲ್ಲಿ ರಬ್ಬರಿನ ಹಾರ್ನು ಪೋಂ ಪೋಂ ಎಂದರೆ ಗುಡ್ಡೆಯ ಮನೆಗಳಿಂದ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದವರು ಗುಡ್ಡೆಯ ಅರ್ಧದಲ್ಲಿದ್ದ ಮನೆಯ ವನಜಕ್ಕ. ಅವರಿಗಿಂತ ಮೊದಲು ಬರುತ್ತಿದ್ದದ್ದು ಅವರ ಬೆಕ್ಕು ಮಾತ್ರ.

ಇಳಿಯುವಾಗ ಬಚ್ಚಣ್ಣನಿಗೆ ಯಾರೂ ಬೇಡ. ಭೋಜಣ್ಣ ಸುತ್ತುಬಳಸಿನ ರಸ್ತೆಯಲ್ಲಿ ಇಳಿದರೆ ಇವರು ಕಡಲ ಬದಿಗೆ ದನ ಇಳಿಯುವ ಕಾಲುದಾರಿ ಹಿಡಿಯುತ್ತಿದ್ದರು. ಬೇರು, ಮುರಕಲ್ಲು, ಜಾರುವ ಗೇರೆಲೆ. ಪೆಡಲಿನ ಮೇಲೆ ನಿಂತು, ಮೊಣಕಾಲು ಮಡಚಿ ಒಂದೇ ಇಳಿತ. ಹೊಸದಾಗಿ ಮದುವೆಯಾಗಿ ಬಂದ ಜಲಜಕ್ಕ ಗಂಡನ ಕಾಲಿನ ತರಚು ಗಾಯ ಕಂಡು, ಮೀನು ಮಾರುವವನಿಗೆ ಇದೆಲ್ಲಿಯ ಗಾಯ ಎಂದು ತಲೆ ಕೆಡಿಸಿಕೊಂಡಿದ್ದರಂತೆ.

ಆಮೇಲೆ ಮೀನಿನ ಟೆಂಪೋಗಳು ಬಂದವು, ಮೊಣಕಾಲು ನೋವೂ ಬಂತು. ಸೈಕಲ್ಲು ತುಕ್ಕು ಹಿಡಿದು ಹೋಯಿತು. ಹಾರ್ನು ಮಾತ್ರ ಜಗಲಿಯ ಮೊಳೆಯಲ್ಲಿ ಉಳಿಯಿತು. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಚ್ಚಣ್ಣ ಗುಡ್ಡೆಯ ಮಾತೆತ್ತಲಿಲ್ಲ.

*

ಮರವಂತೆಯ ಹೋಂಸ್ಟೇ ಒಂದರಲ್ಲಿ ಅವರು ಗಿಡಗಳಿಗೆ ನೀರು ಬಿಡುತ್ತಿದ್ದರು. ಅದು ಮುಚ್ಚಿದಾಗ ಯಜಮಾನ, ಪ್ರವಾಸಿಗಳಿಗೆಂದು ತಂದಿದ್ದ ದಪ್ಪ ಚಕ್ರದ ಬ್ಯಾಟರಿ ಸೈಕಲ್ಲೊಂದನ್ನು ಇವರಿಗೇ ಕೊಟ್ಟ. ಮೊದಲ ಸಂಜೆ ಬಚ್ಚಣ್ಣ ಗುಡ್ಡೆಯ ಬುಡದಲ್ಲಿ ಒಂದೆರಡು ಪೆಡಲು ತುಳಿದವರು ಗಕ್ಕನೆ ನಿಂತು ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಮತ್ತೆ ತುಳಿದರು, ಮತ್ತೆ ಯಾರೋ ಬೆನ್ನಿಗೆ ಕೈ ಕೊಟ್ಟ ಹಾಗಾಯಿತು. ಅಂದು ಮನೆಗೆ ಬಂದು ಭೋಜಣ್ಣನನ್ನು ಕರೆಸಿ ಹೇಳಿದರು: "ಇದ್ರೊಳ್ಗೆ ನೀನೇ ಕೂಕಂಡ್ ದೂಡ್ತಿದ್ಯ ಮಾರಾಯಾ." ಭೋಜಣ್ಣ ಸೈಕಲ್ಲಿನ ಅಡಿಗೆ ಬಗ್ಗಿ ನೋಡಿ, "ಹೌದು, ಆಗ್ಳಿಂದ ನಂಗೂ ಸೊಂಟ ನೋಯ್ತಿತ್ತ್" ಅಂದರು.

ಹಾರ್ನು ಮೊಳೆಯಿಂದ ಇಳಿದು ಹ್ಯಾಂಡಲಿಗೆ ಬಂತು. ಮೊಣಕಾಲಿನ ತರಚು ಗಾಯ ಮರಳಿ ಬಂತು. ಜಲಜಕ್ಕ ಬೈಯುತ್ತ ಬೈಯುತ್ತ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಹಾಗೆ ಹಚ್ಚುವಾಗ ಅವರ ಮುಖ ಮೊದಲಿಗಿಂತ ಎಳೆಯದಾಗಿ ಕಾಣುತ್ತಿತ್ತು.

ವಿನಯಾ ಬ್ರಹ್ಮಾವರದ ಬಯಲಿನ ಹುಡುಗಿ. ಬಿ.ಕಾಂ. ಮುಗಿಸಿದ್ದಳು, ಮಾತು ಕಡಿಮೆ. ಗಂಡ ರತೀಶ್ ಗಂಗೊಳ್ಳಿಯ ಬೋಟಿನಲ್ಲಿ ಹೋದರೆ ವಾರ ಕಳೆದು ಬರುವವನು. ಅಡುಗೆಮನೆಯ ಕಿಟಕಿಯಿಂದ ಅವಳು ಸೈಕಲ್ಲಿನ ಕಡೆ ನೋಡುವುದನ್ನು ಮಾವಯ್ಯ ಕಂಡಿದ್ದರು. ಒಂದು ಸಂಜೆ ಏನೂ ಕೇಳದೆ ಹ್ಯಾಂಡಲನ್ನು ಅವಳ ಕೈಗೆ ಕೊಟ್ಟರು. ಆಮೇಲೆ ಅದೇ ಅಭ್ಯಾಸವಾಯಿತು. ತುದಿಯವರೆಗೆ ಒಮ್ಮೆ ಅವರು, ಒಮ್ಮೆ ಅವಳು. ಅಲ್ಲಿ ಗೇರುಮರದ ಬುಡದಲ್ಲಿ ಮಾವಯ್ಯ ಕ್ಲಿಪ್ ಬಿಚ್ಚಿ ಸೀಟನ್ನು ಪೂರ್ತಿ ಕೆಳಗೆ ಇಳಿಸುತ್ತಿದ್ದರು.

"ಇಳಿವತಿಗೆ ಕೂಕಂಬುಕಾಗ ಹೆಣ್ಣೇ. ನಿಲ್ಕ್. ಕೂಕಂಡ್ರೆ ಗುಡ್ಡಿ ನಿನ್ನ ಹೊತ್ಹಾಕತ್ತ್."

ಆ ದನದ ಕಾಲುದಾರಿಯಲ್ಲಿ ಅವಳು ಕೂರದೆ ನಿಂತೇ ಇಳಿಯುತ್ತಿದ್ದಳು. ಆದರೆ ಅರ್ಧ ದಾರಿಯಲ್ಲಿ ಮುರಕಲ್ಲಿನ ಒಂದು ದೊಡ್ಡ ಮೆಟ್ಟಿಲಿತ್ತು. ಅಲ್ಲಿ ಪ್ರತಿ ಸಲ ಬ್ರೇಕು ಹಿಡಿದು ಕೆಳಗಿಳಿದು ಸೈಕಲ್ಲನ್ನು ಎತ್ತಿ ದಾಟಿಸುತ್ತಿದ್ದಳು. ಮಾವಯ್ಯ ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. "ನಾಳಿಕ್ ಇಳಿವ. ಗುಡ್ಡಿ ಎಲ್ಲಿಗೂ ಹೋತಿಲ್ಲೆ" ಅನ್ನುತ್ತಿದ್ದರು.

*

ಗುಜರಿಯವನ ಟೆಂಪೋ ಗೇಟಿನ ಬಳಿ ಬಂದು ಹಾರ್ನು ಹೊಡೆಯಿತು. ಪದ್ದು ಸೈಕಲ್ಲಿಗೆ ಕೈ ಹಾಕಿದ.

"ಮಾವಯ್ಯ ಸೀಟ್ ಇಳಿಸಿದ್ರ್" ಎಂದಳು ವಿನಯಾ.

ಸಣ್ಣ ದನಿ. ಆದರೂ ಎಲ್ಲರೂ ತಿರುಗಿದರು. ಈ ಸೊಸೆಯ ದನಿಯನ್ನು ಅಲ್ಲಿದ್ದವರಲ್ಲಿ ಹೆಚ್ಚಿನವರು ಕೇಳಿದ್ದೇ ಈಗ. ಹಿಂದೆ ಸರಿಯುವುದಕ್ಕೆ ಜಾಗವಿಲ್ಲದ್ದರಿಂದ ಅವಳು ಮುಂದೆ ಹೋದಳು.

"ಹತ್ತುವತಿಗೆ ಅವ್ರ್ ಸೀಟ್ ಮೇಲೆ ಮಾಡಿಕಂತಿದ್ರ್. ತುದಿಗ್ ಹೋಯಿ, ದಣಿವಾರಿಸಿ, ಇನ್ನ್ ಇಳಿವ ಅಂದ್ರೆ ಮಾತ್ರ ಇಳಿಸೂದ್. ಕಾಣಿ, ಸೀಟ್ ಈಗ್ಳೂ ಕೆಳಗೇ ಇತ್ತ್. ಹತ್ತಿ ಆಯಿತ್ತ್ ಅವ್ರಿಗೆ. ಈ ಸೈಕಲ್ ಅವ್ರನ್ನ ಕೊಂದದ್ದಲ್ಲ." ಉಸಿರು ತೆಗೆದುಕೊಂಡಳು. "ಅವ್ರ್ ಕೂಕಂಡದ್ ಸೀಟ್ ಮೇಲೆ. ಚಾಪಿ ಅಂದ್ರೆ ಅಷ್ಟೇ ಅಲ್ದಾ? ಅದ್ ಮಾತ್ರ ಹೋಯ್ಲಿ."

ಒಳಗಿನಿಂದ ಜಲಜಕ್ಕನ ದನಿ ಬಂತು. "ಹೆಣ್ ಹೇಳಿದ್ ಸಮ. ಸೀಟ್ ಕಳ್ಸಿ. ಅಲ್ಲಿಗ್ ಹೋಯಿ ಕಲ್ಲಿನ್ ಮೇಲೆ ಕೂಕಂಬುದ್ ಎಂತಕೆ ಅವ್ರ್?"

ಭೋಜಣ್ಣ ಎದ್ದು ಬಂದು ಕ್ಲಿಪ್ ಸಡಿಲಿಸಿ ಸೀಟನ್ನು ಕಂಬಿಸಮೇತ ಎಳೆದು ತೆಗೆದರು. ಸೀಟಿಲ್ಲದ ಸೈಕಲ್ಲು ಯಾರಿಗೆ ಬೇಕು ಎಂದು ಪದ್ದು ಗೊಣಗಿದ. ಕಟ್ಟಳೆಯ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಬೆಂಕಿ ಕೊಡುವ ಮೊದಲು ಸೀಟು ಚಿತೆಯಲ್ಲಿರಬೇಕು, ಇಲ್ಲವಾದರೆ ಸೈಕಲ್ಲು ಪೂರ್ತಿ ಹೋಗಬೇಕು. ಟೆಂಪೋದವನಿಗೆ ಚಹಾ ಕೊಟ್ಟು, ನಾಳೆ ಬಂದು ವಿಚಾರಿಸು ಎಂದು ಕಳಿಸಿದ.

ಮಧ್ಯಾಹ್ನ ರತೀಶ್ ಬಂದ. ಸುದ್ದಿ ಮುಟ್ಟಿದ ಕೂಡಲೇ ಬೋಟು ತಿರುಗಿಸಿದ್ದರು. ಅಪ್ಪನ ಕಾಲ ಬಳಿ ಕೂತು ಮೊಣಕಾಲಿನ ಹಸಿ ಗಾಯ ಮುಟ್ಟಿ ನೋಡಿ ಅತ್ತ, ಅಳುತ್ತಲೇ ನಕ್ಕ. ಆಮೇಲೆ ಎಲ್ಲ ಒಮ್ಮೆಗೇ ಅವಸರದಲ್ಲಿ ನಡೆಯಿತು. ಸ್ನಾನ, ಹೂವು, ಅಕ್ಕಿ. ಹೆಣ ಆಂಬುಲೆನ್ಸಿಗೆ ಏರಿತು. ಗಂಡಸರೆಲ್ಲ ಹಿಂದೆ ಹೊರಟರು. ಸುಡುವ ಜಾಗ ಗುಡ್ಡೆಯ ಪಡುಬದಿಯ ಬುಡದಲ್ಲಿ. ರಸ್ತೆ ಗುಡ್ಡೆಯನ್ನು ಬಳಸಿ ಹೋಗಬೇಕು.

ಅಂಗಳ ಖಾಲಿಯಾಯಿತು. ಹೆಂಗಸರು ಗುಡಿಸಲು ಶುರು ಮಾಡಿದರು. ಆಗ ವಿನಯಾಳ ಕಣ್ಣಿಗೆ ಬಿತ್ತು. ತುಳಸಿಕಟ್ಟೆಯ ಮೇಲೆ, ಯಾರೋ ಇಟ್ಟ ಗೊಂಡೆ ಹೂವಿನ ಸಮೇತ, ಸೀಟು ಅಲ್ಲೇ ಇತ್ತು.

ಅಷ್ಟೆಲ್ಲ ವಾದ ಮಾಡಿದವರು ಒಬ್ಬರೂ ಅದನ್ನು ಕೊಂಡುಹೋಗಿರಲಿಲ್ಲ. ರತೀಶನಿಗೆ ಫೋನು ಮಾಡಿದರೆ ಒಳಗೆ ಗೂಟದಲ್ಲಿದ್ದ ಅವನ ಅಂಗಿ ರಿಂಗಾಯಿತು. ಹೆಣ ಎತ್ತುವಾಗ ಪದ್ದುವಿನ ಫೋನು ಸಿನಿಮಾ ಹಾಡು ಹಾಡಿ ಅಕ್ಕನಿಂದ ಬೈಸಿಕೊಂಡಿತ್ತು, ಈಗ ಸ್ವಿಚ್ ಆಫ್.

"ಅತ್ತೆ, ನಾನ್ ಕೊಂಡ್ಹೋತೆ."

ಹೆಂಗಸರು ಅಲ್ಲಿಗೆ ಹೋಗುವುದುಂಟೇ ಎಂದು ಯಾರೋ ಅಂದರು. ಜಲಜಕ್ಕ ಸೊಸೆಯ ಮುಖ ನೋಡಿದರು, ಸೀಟಿಲ್ಲದ ಸೈಕಲ್ಲು ನೋಡಿದರು. ತಮ್ಮ ಹೆಗಲ ಮೇಲಿನ ಬೈರಾಸಿನ ಬಟ್ಟೆಯಿಂದ ಸೀಟನ್ನು ಅವಳ ಬೆನ್ನಿಗೆ ಕಟ್ಟಿದರು.

"ಬುಡಕ್ಕೆ ಹೋಯಿ ಭೋಜನ್ ಕೈಯಗ್ ಕೊಡ್, ಅಲ್ಲಿಂದ್ ಮುಂದೆ ಹೋಪುದ್ ಬ್ಯಾಡ" ಎಂದರು. ಅವಳು ಗೇಟು ದಾಟುವಾಗ ಕೂಗಿ ಹೇಳಿದರು: "ಹಾರ್ನ್ ಹೊಡಿ. ಕೇಂಡ್ರೆ ನಿಲ್ತ್ರ್."

ಏರಿನಲ್ಲಿ ಸೈಕಲ್ಲು ಅವಳ ಬೆನ್ನಿಗೆ ಕೈ ಕೊಟ್ಟಿತು. ಕೂರಲು ಜಾಗವಿಲ್ಲದೆ ನಿಂತೇ ತುಳಿದಳು. ತುದಿಯ ಗೇರುಮರದ ಬುಡದಲ್ಲಿ ಅಭ್ಯಾಸದಿಂದ ಕೈ ಸೀಟಿನ ಕ್ಲಿಪ್ಪಿಗೆ ಹೋಯಿತು. ಇಳಿಸಲು ಏನೂ ಇರಲಿಲ್ಲ. ಕೆಳಗೆ ಕಡಲು ಬಿಸಿಲಿಗೆ ಮಿನುಗುತ್ತಿತ್ತು. ಬುಡದಲ್ಲಿ ಬಿಳಿ ಬಟ್ಟೆಯವರು ಸುತ್ತ ನಿಂತಿದ್ದರು. ಹೊಗೆ ಇನ್ನೂ ಎದ್ದಿರಲಿಲ್ಲ.

ಮೊಣಕಾಲು ಮಡಚಿದಳು. ಬೇರು ದಾಟಿತು, ಗೇರೆಲೆ ಜಾರಿತು, ಬೆನ್ನ ಮೇಲಿನ ಕಂಬಿ ಬಡಿಯಿತು. ಮುರಕಲ್ಲಿನ ಮೆಟ್ಟಿಲು ಎದುರಿಗೆ ಬಂದಾಗ ಬೆರಳುಗಳು ಬ್ರೇಕಿನ ಮೇಲೆ ಬಿಗಿಯಲು ಹೊರಟವು. ಅವಳು ಅವನ್ನು ಬಿಡಿಸಿ ಹಾರ್ನು ಹಿಸುಕಿದಳು. ಪೋಂ. ಚಕ್ರ ನೆಲ ಬಿಟ್ಟಿತು. ಒಂದು ಗಳಿಗೆ ಏನೂ ಸದ್ದಿರಲಿಲ್ಲ. ಮತ್ತೆ ನೆಲ, ಧೂಳು, ಅವಳ ಬಾಯಿಂದ ಹೊರಟ ನಗು.

ಪೋಂ ಪೋಂ ಪೋಂ.

ಬುಡದಲ್ಲಿ ಎಲ್ಲರ ತಲೆ ಒಟ್ಟಿಗೆ ಮೇಲೆದ್ದಿತು. ಕೊಳ್ಳಿ ಹಿಡಿದ ರತೀಶನ ಕೈಯನ್ನು ಭೋಜಣ್ಣ ಹಿಡಿದು ನಿಲ್ಲಿಸಿದ್ದರು. ಗುಡ್ಡೆಯ ಅರ್ಧದ ಮನೆಯಿಂದ, ಸೊಂಟ ಬಾಗಿದ ವನಜಕ್ಕ ಬೇಲಿಯ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಮೀನಿನ ಬಟ್ಟಲು, ಕಾಲ ಬಳಿ ಬಾಲ ಎತ್ತಿದ ಬೆಕ್ಕು.