ಎಡಗೈಯ ಗ್ಲೌಸು

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಆ ಒಂದು ಮಾತಿನ ಮರೆಯಲ್ಲಿ ನಾವಿಬ್ಬರೂ ಮೂರು ವರ್ಷ ಬದುಕಿದೆವು. ಗಿರಾಕಿ ಅಂಗಡಿಯೊಳಗೆ ಇಣುಕಿದರೆ ಸಾಕು, ನಮ್ಮವರು ಸ್ಟೂಲಿನ ಮೇಲಿಂದಲೇ ಗದರುತ್ತಿದ್ದರು: "ಕಣ್ಣು ಹೋಗುತ್ತೆ ಸ್ವಾಮಿ, ಆಚೆ ನಿಂತ್ಕೊಳ್ಳಿ!" ಗಿರಾಕಿ ಮುಖ ತಿರುಗಿಸಿಕೊಂಡು ರಸ್ತೆಗೆ ಹೋಗುತ್ತಿದ್ದ. ನಾನು ಅವರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು, ಹೆಲ್ಮೆಟ್ ಇಳಿಸಿಕೊಂಡು ಬೆಸುಗೆ ಹಾಕುತ್ತಿದ್ದೆ. ಮುಗಿದ ತಕ್ಷಣ ಹೆಲ್ಮೆಟ್ ಅವರ ತಲೆಗೆ, ಪೊರಕೆ ನನ್ನ ಕೈಗೆ. "ಏನ್ ಕೈ ಮೇಸ್ತ್ರಿ ನಿಮ್ದು!" ಎಂದು ಗಿರಾಕಿ ಬಾಯ್ತುಂಬ ಹೊಗಳುವಾಗ ನಾನು ಕಸ ಗುಡಿಸುತ್ತಿದ್ದೆ.

ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಹೊಟ್ಟೆ ಉರಿಯತೊಡಗಿತು. ಸುಳ್ಳು ಯಾಕೆ ಹೇಳಲಿ?

ಅವರ ಕಣ್ಣು ಹೋದದ್ದಕ್ಕೆ ಹಣೆಬರಹವನ್ನು ಬೈದು ಪ್ರಯೋಜನವಿಲ್ಲ, ಅದು ಹೋದದ್ದು ಅವರ ಹಟದಿಂದ. "ಒಂದು ಟಾಕ ಹಾಕೋಕೆ ಹೆಲ್ಮೆಟ್ ಯಾಕೇ? ಕಣ್ಣು ಮುಚ್ಕೋತೀನಿ, ಆಯ್ತಲ್ಲ" ಎನ್ನುತ್ತಿದ್ದರು. ಮುಚ್ಚುತ್ತಿದ್ದದ್ದು ಬೆಳಕು ಬಂದಮೇಲೆ. ಟಾಕ ಎಂದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಚುಕ್ಕಿ ಬೆಸುಗೆ, ಆದರೆ ದಿನಕ್ಕೆ ಐವತ್ತು, ಇಪ್ಪತ್ತೆಂಟು ವರ್ಷ. ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ ಎಂದು ಒದ್ದೆಬಟ್ಟೆ ಹಾಕಿಸಿಕೊಂಡು ಮಲಗುವುದು, ಬೆಳಿಗ್ಗೆ ಎದ್ದು ಮತ್ತೆ ಅದೇ ಪುರಾಣ. ಕೊನೆಗೆ ಡಾಕ್ಟರಮ್ಮ ಹೇಳಿದರು, ಕಣ್ಣಿನ ಒಳಪರದೆಯ ನಡುಭಾಗ ಸುಟ್ಟಿದೆ, ಯಾವ ಕನ್ನಡಕವೂ ಇದಕ್ಕೆ ಆಗುವುದಿಲ್ಲ ಎಂದು. ಬದಿಯಲ್ಲಿರುವುದು ಅವರಿಗೆ ಕಾಣುತ್ತದೆ, ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. ಹಾಗಾಗಿ ರಸ್ತೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಾರೆ, ದನಿ ಕೇಳಿ ಗುರುತು ಹಿಡಿದು ಮಾತಾಡಿಸುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ. ಬೆಸುಗೆಗೆ ಉರಿಸುವ ರಾಡಿನ ತುದಿ ಮಾತ್ರ ಕಾಣುವುದಿಲ್ಲ. ವೆಲ್ಡರ್ ಆದವನಿಗೆ ಅದೊಂದು ಕಾಣದಿದ್ದರೆ ಇನ್ನೇನು ಕಂಡು ಏನು ಬಂತು?

ಕೆಲಸ ಕಲಿಸಿದ್ದು ಅವರೇ, ಇಲ್ಲ ಎನ್ನುವುದಿಲ್ಲ. ಪಕ್ಕದಲ್ಲಿ ಕೂತು, ರಾಡಿನ ತುದಿಯಲ್ಲಿ ಉರಿಯುವ ಕಿಡಿಯ, ಆರ್ಕಿನ, ಸದ್ದು ಕೇಳಿಕೊಂಡೇ ಹೇಳಿಕೊಡುತ್ತಿದ್ದರು: "ದೂರ ಆಯ್ತು, ಹತ್ರ ತಗೋ. ಹಾಂ, ಈಗ ಎಣ್ಣೇಲಿ ಕರಿದ ಹಾಗೆ ಸದ್ದು ಬರ್ತಿದೆ ನೋಡು, ಅದನ್ನ ಬಿಡಬೇಡ." ಕೈ ಅವರದನ್ನೇ ಕಲಿತೆ, ಹಟವನ್ನು ಕಲಿಯಲಿಲ್ಲ. ಮೆಷಿನ್ನನ್ನು ಒಣನೆಲದಲ್ಲಿ, ಹಲಗೆಯ ಮೇಲೆ, ಫ್ಯಾನಿಗೆ ಗಾಳಿ ಸಿಗುವಷ್ಟು ಗೋಡೆಯಿಂದ ದೂರ ಇಡದೆ ನಾನು ಸ್ವಿಚ್ ಮುಟ್ಟುತ್ತಿರಲಿಲ್ಲ. ಕೇಬಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ ನೋಡುವುದು, ಎಲ್ಲಾದರೂ ಸಿಪ್ಪೆ ಎದ್ದಿದೆಯೇ ಎಂದು. ಮೆಷಿನ್ನಿನ ಇನ್ನೊಂದು ವೈರನ್ನು ಕಬ್ಬಿಣಕ್ಕೆ ಕಚ್ಚಿಸುವ ಕ್ಲಾಂಪು ಹಾಕುವ ಜಾಗದ ಬಣ್ಣ, ತುಕ್ಕು ಎಲ್ಲ ಕೆರೆದು ಬರಿ ಕಬ್ಬಿಣ ಕಾಣಿಸಬೇಕು. ಪಕ್ಕದಲ್ಲಿ ಒಂದು ಬಕೆಟ್ ಮರಳು. ರಾಡು ಬದಲಾಯಿಸುವಾಗಲೂ ಎರಡೂ ಕೈಗೆ ಒಣಗಿದ ಚರ್ಮದ ಗ್ಲೌಸು. "ಮದುವೆ ಮನೆಗೆ ಹೊರಟ ಹಾಗೆ ಸಿಂಗಾರ ಮಾಡ್ಕೋತಾಳೆ" ಎಂದು ಅವರು ಗೇಲಿ ಮಾಡುತ್ತಿದ್ದರು. ಮಾಡಲಿ, ನನ್ನ ಕಣ್ಣು ನೆಟ್ಟಗಿದೆಯಲ್ಲ.

ಆ ಗ್ಲೌಸಿನ ವಿಷಯಕ್ಕೇ ನಮ್ಮಿಬ್ಬರಿಗೂ ಜಟಾಪಟಿ. ನಾನು ಅಡುಗೆಮನೆಯಲ್ಲಿದ್ದಾಗ ಅವರು ಕದ್ದುಮುಚ್ಚಿ ಮೆಷಿನ್ ಹಾಕಿಕೊಂಡು ಕೂರುತ್ತಿದ್ದರು. ತುದಿ ಕಾಣುವುದಿಲ್ಲವಲ್ಲ, ಎಡಗೈ ಗ್ಲೌಸು ಕಿತ್ತೆಸೆದು, ಉರಿಯುವ ಮೊದಲು ರಾಡನ್ನು ಪೆನ್ನು ಹಿಡಿದಂತೆ ಬೆರಳಲ್ಲಿ ಹಿಡಿದು, ತಡವಿ ತಡವಿ ಸಂದಿಗೆ ತಂದು ನಿಲ್ಲಿಸುವುದು. ಕರೆಂಟು ಬಂದಿರುವ ರಾಡು ಅದು! ಒಣಮರದ ಸ್ಟೂಲಿನ ಮೇಲೆ ಕೂತಿದ್ದರಿಂದ ಜುಮ್ ಎಂದು ಬಿಡುತ್ತಿತ್ತು ಅಷ್ಟೆ. ಒಂದು ಸಲ ಬೆವರಿದ ಕೈಯಲ್ಲಿ ಹಿಡಿದು ಸ್ಟೂಲಿನಿಂದ ಉರುಳಿದರು. "ಕಾಲು ಜಾರ್ತು" ಎಂದರು. ಕೂತವರ ಕಾಲು ಹೇಗೆ ಜಾರುತ್ತದೋ ಆ ದೇವರೇ ಹೇಳಬೇಕು.

ಹೀಗಿರುವಾಗ ಊರಾಚೆಯ ಕಾರ್ಖಾನೆಯವರು ವೆಲ್ಡರ್ ಬೇಕೆಂದು ಹೇಳಿಕಳಿಸಿದರು. ಕಬ್ಬಿಣದ ಹನ್ನೊಂದು ನೀರಿನ ಟ್ಯಾಂಕಿಗಳ ಒಳಗೆ ಸಂದುಗಳು ಸೋರುತ್ತಿವೆ, ಹೊತ್ತುಕೊಂಡು ಹೋಗುವಂಥ ಸಣ್ಣ ಮೆಷಿನ್ ಸ್ವಂತದ್ದಿರಬೇಕು, ಮೊದಲು ಒಂದು ಪರೀಕ್ಷೆ. ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಹೂಂ ಎಂದುಬಿಟ್ಟರು. ಹೋಗಲಿ, ಇಬ್ಬರೂ ಹೋಗಿ ಮಾಡಿದರಾಯಿತು ಎಂದು ನಾನೂ ಸುಮ್ಮನಾದೆ. ನನ್ನ ತಪ್ಪು ಅಲ್ಲಿಂದಲೇ ಶುರು.

ಪರೀಕ್ಷೆ ಮಾಡಿದವರು ಅಲ್ಲಿನ ಸೇಫ್ಟಿ ಸಾಹೇಬರು. ಒಳ್ಳೆಯ ಮನುಷ್ಯರೇ, ಎಲ್ಲವನ್ನೂ ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಮ್ಮವರು ನಿಂತುಕೊಂಡು ಪಟಪಟನೆ ಉತ್ತರ ಹೇಳಿದರು: ಕನೆಕ್ಷನ್ ಕೊಡುವ ಮೊದಲು ಮೇನ್ ಆಫ್ ಇರಬೇಕು, ಹಸಿರು ವೈರು ಭೂಮಿಗೆ ಹೋಗಲೇಬೇಕು, ಕೇಬಲ್ಲನ್ನು ಹೆಗಲಿಗೆ ಸುತ್ತಿಕೊಳ್ಳಬಾರದು, ಮೆಷಿನ್ ಟ್ಯಾಂಕಿಯ ಹೊರಗೇ ಇರಬೇಕು. ಒಂದೂ ತಪ್ಪಲಿಲ್ಲ. ಬಾಯಲ್ಲಿ ಹೇಳುವುದಕ್ಕೆ ಕಣ್ಣು ಬೇಕಾಗಿಲ್ಲವಲ್ಲ! ಹೆಲ್ಪರ್ ಎಂದು ಮೆಷಿನ್ ಜೋಡಿಸಿದವಳು ನಾನು. ಆಮೇಲೆ ಬೆಳಕು ಬೇರೆಯವರ ಕಣ್ಣಿಗೆ ಬೀಳದಿರಲೆಂದು ಸುತ್ತ ದಪ್ಪ ಪರದೆ ಎಳೆದರು. ಪರದೆಯೊಳಗೆ ನಾವಿಬ್ಬರೇ. ಎರಡು ದಪ್ಪ ತಗಡುಗಳನ್ನು ನಾನು ಬೆಸೆದೆ. ಅವರು ಪಕ್ಕದಲ್ಲಿ ಮೊಣಕಾಲೂರಿ ಸದ್ದು ಕೇಳುತ್ತಿದ್ದರು.

ಸಾಹೇಬರು ಅದನ್ನು ಯಂತ್ರಕ್ಕೆ ಕೊಟ್ಟು ಬಗ್ಗಿಸಿ, ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿದರು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. "ಮೇಸ್ತ್ರಿಗಳೇ, ಈ ಇಡೀ ತಿಂಗಳಲ್ಲಿ ಇಂಥ ಪೀಸು ನೋಡಿಲ್ಲ" ಎಂದು ನಮ್ಮವರ ಕೈ ಕುಲುಕಿ, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಸಹಿಯ ಜಾಗಕ್ಕೆ ಮೆಲ್ಲಗೆ ಅವರ ಕೈ ಸರಿಸಿದವಳು ನಾನು. ನಮ್ಮವರ ಮುಖ ಅರಳಿತು. ಆ ಮುಖ ನೋಡಿ ನನಗೂ ಖುಷಿಯಾಯಿತು ಎಂದರೆ ನಂಬುತ್ತೀರಾ? ಅಷ್ಟರಲ್ಲಿ ಸಾಹೇಬರು ಹೇಳಿದರು: "ಸೋಮವಾರದಿಂದ ಬನ್ನಿ. ಟ್ಯಾಂಕಿ ಒಳಗೆ ಒಬ್ಬರೇ ಇಳೀಬೇಕು. ಅದರ ಬಾಯಲ್ಲಿ ನಮ್ಮ ಕಾವಲಿನವನು ಇರ್ತಾನೆ. ಅಮ್ಮ ಸಾಮಾನು ಇಳಿಸಿಕೊಟ್ಟು ಹೋಗ್ಬಹುದು."

ಇವರು ಈಗ ಏನಾದರೊಂದು ನೆಪ ಹೇಳುತ್ತಾರೆ ಎಂದು ಕಾದೆ. ನಮ್ಮವರು ಹೇಳಿದ್ದು ಒಂದೇ ಮಾತು: "ಆಗ್ಲಿ ಸಾರ್."

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ.

"ಏನ್ರೀ, ತಲೆ ಕೆಟ್ಟಿದೆಯಾ ನಿಮಗೆ? ಸುತ್ತ ಕಬ್ಬಿಣ, ಕೂತ ಜಾಗ ಕಬ್ಬಿಣ, ಒಳಗೆಲ್ಲಾ ಪಸೆ, ಮೈಯೆಲ್ಲಾ ಬೆವರು. ಅಲ್ಲಿ ಬರಿಗೈಲಿ ರಾಡು ಹಿಡಿದ್ರೆ ಜುಮ್ ಅನ್ನಲ್ಲ, ಜೀವಾನೇ ಹೋಗುತ್ತೆ!"

"ಹಿಡಿಯಲ್ಲ ಕಣೇ."

"ಹಿಡೀದೆ ಹೇಗೆ ಹಾಕ್ತೀರಿ? ಸಂದು ಎಲ್ಲಿದೆ ಅಂತ ನಿಮಗೆ ಕನಸು ಬೀಳುತ್ತಾ?"

"ಕೈಗೆ ಗೊತ್ತಿದೆ."

"ಕೈಗೆ ಗೊತ್ತಿದ್ದಿದ್ರೆ ಪರದೆ ಒಳಗೆ ನಾನ್ಯಾಕ್ ಬೇಕಾಗಿದ್ದೆ?"

ಅವರು ಬೈಯಲೂ ಇಲ್ಲ, ಬೇಡುವವರ ಹಾಗೆ ಹೇಳಿದರು: "ಮೂರು ವರ್ಷ ಆಯ್ತು ಸ್ಟೂಲ್ ಮೇಲೆ ಕೂತು. ಒಂದು ಸಲ, ಒಂದೇ ಸಲ, ಬುತ್ತಿ ಹಿಡ್ಕೊಂಡು ಕೆಲಸಕ್ಕೆ ಹೋಗ್ತೀನಿ. ತಡೀಬೇಡ." ನನಗೆ ಪಾಪ ಎನ್ನಿಸಿತು. ಕೋಪವೂ ಇಳಿಯಲಿಲ್ಲ. ಇವರು ಕೇಳುತ್ತಿದ್ದದ್ದು ಇವರ ಹೆಣವನ್ನು ಇವರೇ ಹೊತ್ತುಕೊಂಡು ಹೋಗಲು ಅಪ್ಪಣೆ.

ಸೋಮವಾರ ಬುತ್ತಿ ಕಟ್ಟಿಕೊಟ್ಟೆ. ಮೆಷಿನ್ ಹೊತ್ತು ನಾನೂ ಹೋದೆ. ಟ್ಯಾಂಕಿಯ ಪಕ್ಕದಲ್ಲಿ ನೆಲ ಒರೆಸಿ, ಹಲಗೆ ಹಾಕಿ, ಮೆಷಿನ್ ಇಟ್ಟೆ. ಒಳಗಿಳಿದು ಕ್ಲಾಂಪನ್ನು ಬೆಸುಗೆಯ ಜಾಗದ ಹತ್ತಿರವೇ ಕಚ್ಚಿಸಿ ಬಂದೆ. ಕೇಬಲ್ ಒಳಗೆ ಹೋಗುವ ಅಂಚಿಗೆ ಸಿಪ್ಪೆ ಸುಲಿಯದಿರಲೆಂದು ರಬ್ಬರು ಇಟ್ಟೆ. ಅವರು ಕೂರಲು ಒಂದು ಒಣಹಲಗೆಯನ್ನೂ ಇಳಿಸಿದೆ. ಒಳಕ್ಕೆ ಗಾಳಿ ಊದುವ ಫ್ಯಾನು ಹಾಕಿ ಕಾವಲಿನವನು ಬಾಯಲ್ಲಿ ಕೂತ. ನಮ್ಮವರು ಎರಡೂ ಕೈಗೆ ಗ್ಲೌಸು ಹಾಕಿ, ಏಣಿ ಹಿಡಿದು ಇಳಿದರು. ಸಾಹೇಬರು, "ಸರಿ ಅಮ್ಮ, ನೀವಿನ್ನು ಹೊರಡಿ" ಎಂದರು.

ನಾನು ಹೊರಡಲಿಲ್ಲ. ಹಗ್ಗ ಸುತ್ತುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ. ಮೇನ್ ಹಾಕಿದರು, ಮೆಷಿನ್ನಿನ ಫ್ಯಾನು ತಿರುಗಿತು. ಆರ್ಕಿನ ಸದ್ದು ಬರಲಿಲ್ಲ. ಒಂದು ಸಲ ಚಟ್ ಎಂದಿತು, ರಾಡು ಎಲ್ಲೋ ತಪ್ಪಿ ತಗುಲಿತ್ತು. ಮತ್ತೆ ಸುಮ್ಮನೆ. ಕಾವಲಿನವನು ಬಗ್ಗಿ ನೋಡಿ, "ಮೇಸ್ತ್ರಿಗಳು ಜಾಗ ನೋಡ್ತಿದಾರೆ" ಎಂದ. ಅವನಿಗೆ ಇವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಅವನನ್ನು ಸರಿಸಿ ಇಣುಕಿದೆ. ಹಲಗೆ ಒಂದು ಮೂಲೆಯಲ್ಲಿ ಬಿದ್ದಿತ್ತು, ಇವರು ಪಸೆ ಹಿಡಿದ ಕಬ್ಬಿಣದ ಮೇಲೇ ಮೊಣಕಾಲೂರಿದ್ದರು. ನಾನು ನೋಡುತ್ತಿದ್ದಂತೆಯೇ ಎಡಗೈಯ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಪಕ್ಕಕ್ಕೆ ಉಗುಳಿದರು.

ಹೇಗೆ ಓಡಿದೆನೋ ಗೊತ್ತಿಲ್ಲ, ಹೋಗಿ ಮೇನ್ ಆಫ್ ಮಾಡಿದೆ. ಮೆಷಿನ್ನಿನ ಫ್ಯಾನು ನಿಂತಿತು.

"ಯಾರ್ರೀ ಕರೆಂಟ್ ತೆಗೆದಿದ್ದು?" ಎನ್ನುತ್ತ ಸಾಹೇಬರು ಬಂದರು. ಒಳಗಿಂದ ಇವರೂ ಅದನ್ನೇ ಕೂಗಿದರು.

"ನಾನು" ಎಂದೆ. "ಅವ್ರನ್ನ ಮೇಲಕ್ಕೆ ಕರೆಸಿ ಸಾರ್. ಅವ್ರಿಗೆ ಕಣ್ಣು ಕಾಣಲ್ಲ."

ಅವರು ಏಣಿ ಹತ್ತಿ ಬಂದರು. ಬಂದವರೇ ನಕ್ಕರು: "ಹೆಂಗಸು ಸಾರ್, ಹೆದರಿಕೊಂಡಿದಾಳೆ. ತಲೆಗೆ ಹಚ್ಕೋಬೇಡಿ." ಸಾಹೇಬರು ನಗಲಿಲ್ಲ. ಗ್ಲೌಸಿಲ್ಲದ ಎಡಗೈಯನ್ನು ನೋಡಿದರು. ಆಮೇಲೆ ಜೇಬಿನಿಂದ ಆ ಪರೀಕ್ಷೆಯ ಕಾಗದ ತೆಗೆದು ಮುಂದೆ ಹಿಡಿದು, "ಮೇಸ್ತ್ರಿಗಳೇ, ಇದರಲ್ಲಿ ನಿಮ್ಮ ಸಹಿ ಎಲ್ಲಿದೆ, ತೋರಿಸಿ" ಎಂದರು. ನಮ್ಮವರು ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು, ಮತ್ತೆ ಇನ್ನೊಂದು ಪಕ್ಕಕ್ಕೆ. ಬೆರಳನ್ನು ಕಾಗದದ ಖಾಲಿ ಜಾಗದಲ್ಲಿ ಇಟ್ಟರು. ನನಗೆ ಆ ನೆಲವೇ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಹಾಗಾದ್ರೆ ಆ ಪೀಸು ಮಾಡಿದ್ಯಾರು?"

"ನಾನೇ ಸಾರ್" ಎಂದೆ. "ಬೇಕಾದ್ರೆ ಈಗ್ಲೇ ಮಾಡ್ತೀನಿ, ನೀವೂ ಹೆಲ್ಮೆಟ್ ಹಾಕ್ಕೊಂಡು ಪಕ್ಕದಲ್ಲೇ ನಿಂತು ನೋಡಿ. ಹನ್ನೊಂದು ಟ್ಯಾಂಕಿನೂ ನಾನು ಮುಗಿಸಿಕೊಡ್ತೀನಿ."

ಕಾವಲಿನವನು ಕಿಸಕ್ಕನೆ ನಕ್ಕ. ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವಿಬ್ಬರೂ ಸೇರಿ ನಮಗೆ ಮೋಸ ಮಾಡಿದೀರಮ್ಮ. ಈ ಮನುಷ್ಯ ಒಳಗೆ ಸತ್ತಿದ್ರೆ ಯಾರು ಜವಾಬ್ದಾರಿ? ಮೊದಲು ಮೆಷಿನ್ ಎತ್ಕೊಂಡು ಹೊರಡಿ." ಸಾಯದಂತೆ ಮಾಡಿದವಳು ಎದುರಿಗೇ ನಿಂತಿದ್ದೆ. ಅದು ಅವರ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಮೋಸ ಮಾಡಿದ್ದು ನಿಜ, ಮೆಷಿನ್ ಎತ್ತಿಕೊಂಡೆ.

ಸುದ್ದಿ ನಮಗಿಂತ ಮೊದಲೇ ಬೀದಿ ಸೇರಿತ್ತು. ನಮ್ಮಲ್ಲೇ ಮಾಡಿಸಿಕೊಂಡು ಹೋದ, ಎರಡು ವರ್ಷದಿಂದ ಕಿರ್ ಎನ್ನದ ಗೇಟನ್ನು ಎದುರುಮನೆಯವನು ಹಿಡಿದು ಅಲ್ಲಾಡಿಸಿ ನೋಡಿದ. ಮಾಡಿದ್ದು ಹೆಂಗಸು ಎಂದು ಗೊತ್ತಾದ ಮೇಲೆ ಕಬ್ಬಿಣಕ್ಕೂ ಬಲ ಕಡಿಮೆಯಾಗುತ್ತದೆ ಎಂದುಕೊಂಡನೋ ಏನೋ. ಮಧ್ಯಾಹ್ನ ನಾದಿನಿ ಬಂದಳು. ಅಣ್ಣನನ್ನು ತಬ್ಬಿಕೊಂಡು ಅತ್ತು, ನನ್ನ ಕಡೆ ತಿರುಗಿ, "ಗಂಡನ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲ ಅತ್ತಿಗೆ, ಹತ್ತು ಜನರ ಮುಂದೆ ಕುರುಡ ಅಂದ್ಯಲ್ಲ" ಎಂದಳು. ಅವಳ ಅಣ್ಣನಿಗೆ ಕಣ್ಣು ಕಾಣುವುದಿಲ್ಲವೆಂದು ಅವಳಿಗೆ ಗೊತ್ತಾದದ್ದೇ ಅವತ್ತು. ಅದರ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ.

ಅವಳು ಹೋದ ಮೇಲೆ ಬುತ್ತಿ ಬಿಚ್ಚಿ ತಟ್ಟೆಗೆ ಹಾಕಿ ಅವರ ಮುಂದಿಟ್ಟೆ. ಮುಟ್ಟಲಿಲ್ಲ. ಸಾಯಂಕಾಲದವರೆಗೂ ಗೋಡೆಗೆ ಒರಗಿ ಕೂತೇ ಇದ್ದರು. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಡಿ. ನಾನೇನು ಮಾಡ್ಬೇಕಿತ್ತು? ನೀವು ಸಾಯೋದನ್ನ ನೋಡ್ಕೊಂಡು ನಿಂತಿರಬೇಕಿತ್ತಾ?"

"ಹೂಂ" ಎಂದರು.

"ಏನಂದ್ರಿ?"

"ಬಿಟ್ಟಿದ್ರೆ ಮೇಸ್ತ್ರಿ ಸತ್ತ ಅಂತಿದ್ರು."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅವರು ಸತ್ತಿದ್ದರೆ ನಾದಿನಿ ನನ್ನನ್ನೂ ತಬ್ಬಿಕೊಂಡು ಅಳುತ್ತಿದ್ದಳು.