ಗಂಡಸು ನೀರು

ಅಕ್ಕನ ಮನೆಯಿದ್ದ ಕಟ್ಟಡದ ಮೆಟ್ಟಿಲ ಬುಡದಲ್ಲಿ ನೀರು ಸರಬರಾಜಿನವರು ಒಂದು ನೀಲಿ ಹಲಗೆ ತೂಗುಹಾಕಿದ್ದರು. ‘ಇಲ್ಲಿ ಗಡಸು ನೀರು ಬರುತ್ತದೆ’ ಎಂದು ಬಿಳಿ ಅಕ್ಷರದಲ್ಲಿ ಬರೆದಿತ್ತು. ಮೇಲಿನ ಪೈಪು ಸೋರಿ ಅದೇ ನೀರಿನ ಒಂದು ಹನಿ ಹಲಗೆಯ ಮೇಲೆ ಬಿದ್ದು ಒಣಗಿತ್ತು. ಆ ನೀರು ಒಣಗಿದ ಕಡೆಯೆಲ್ಲ ಬಿಳಿ ಉಂಗುರ ಉಳಿಯುತ್ತದೆ. ಈ ಉಂಗುರ ಸರಿಯಾಗಿ ‘ಗ’ ಮತ್ತು ‘ಡ’ ನಡುವೆ ಕೂತು ಸೊನ್ನೆಯಾಗಿತ್ತು. ಹೋಗಿ ಬರುವವರೆಲ್ಲ ಓದುತ್ತಿದ್ದದ್ದು, ‘ಇಲ್ಲಿ ಗಂಡಸು ನೀರು ಬರುತ್ತದೆ.’

ಕೆಳಮನೆಯ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿ, “ಬರ್ಲಿ ಬಿಡಮ್ಮ, ಸಿಲಿಂಡರ್ ಎತ್ತೋಕೆ ಒಬ್ಬ ಬೇಕಾಗಿದ್ದ,” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಲೆ ಹೋಗಿ ಅಕ್ಕನಿಗೆ ಹೇಳಿದರೆ ಅವಳು ನಗಲಿಲ್ಲ.

“ಅಳಿಸೋಕೆ ಹೋಗಬೇಡ,” ಎಂದಳು ಅಷ್ಟೆ.

ನಾನು ಬಂದದ್ದು ಅವಳನ್ನು ನನ್ನ ಮನೆಗೆ ಕರೆದೊಯ್ಯಲು. ಬಸ್ ಚಾಲಕರಾಗಿದ್ದ ಭಾವ ಡಿಪೋದಲ್ಲೇ ಕುಸಿದು ತೀರಿಕೊಂಡ ಮೇಲೆ ಅವಳು ಮನೆ ಬಿಟ್ಟು ಕದಲಿರಲಿಲ್ಲ. ಅವಳ ಕೂದಲು ತೆಂಗಿನ ನಾರಾಗಿತ್ತು. ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತಿತ್ತು. ಆ ನೀರಿನ ಗುಣವೇ ಅಂಥದು. ಎಷ್ಟು ಸೋಪು ಉಜ್ಜಿದರೂ ನೊರೆ ಬರದು, ಬರೀ ಜಿಗುಟು. ಲೋಟಗಳಿಗೆ ಮಂಜು ಕವಿದಂತೆ ಕಲೆ. ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿ ನೀರು ಅಡ್ಡಡ್ಡ ಚಿಮ್ಮುತ್ತಿತ್ತು. ಇನ್ನೊಂದು ಚಳಿಗಾಲ ಇಲ್ಲಿ ಕಳೆದರೆ ಅಕ್ಕ ನನಗೆ ದಕ್ಕುವುದಿಲ್ಲ ಅನ್ನಿಸಿತು. ನನಗೆ ಇರುವುದೇ ಒಬ್ಬಳು ಅಕ್ಕ.

ಬಾಲ್ಕನಿಯಲ್ಲಿ ಭಾವನ ಯೂನಿಫಾರ್ಮ್ ಅಂಗಿ ಒಣಗುತ್ತಿತ್ತು. ಹೊಲಿದವಳು ನಾನೇ, ದರ್ಜಿ ಕೆಲಸದಲ್ಲಿ ಕೂದಲು ಹಣ್ಣಾಗುತ್ತಿದೆ ನನಗೆ. ಬಲಗೈಯ ತೇಪೆ ಕೂಡ ನನ್ನದೇ. ದಿನವಿಡೀ ಬಸ್ಸಿನ ಕಿಟಕಿಗೆ ಮೊಣಕೈ ಊರಿ ಆ ಜಾಗ ಸವೆದುಹೋಗಿತ್ತು.

“ಯಾರೂ ಹಾಕದ ಅಂಗೀನ ಯಾಕೆ ತೊಳೆದೆ?”

“ಕೊಳೆ ಆಗತ್ತೆ ಕಣೆ. ದಿನಾ ತೊಳೀತೀನಿ.”

“ತಲೆಗಿಲೆ ಕೆಟ್ಟಿದ್ಯಾ ನಿಂಗೆ?”

ಅವಳು ಅಂಗಿಯನ್ನು ತಂತಿಯಿಂದ ಬಿಡಿಸಿ ಕುರ್ಚಿಯ ಮೇಲಿಟ್ಟಳು. ಇಟ್ಟಳು ಅಂದರೆ ಮಡಿಸಿ ಇಟ್ಟದ್ದಲ್ಲ, ಕೂರಿಸಿದಳು. ಅಂಗಿ ಕೂತಿತು. ಹಪ್ಪಳದಷ್ಟು ಗಡುಸಾಗಿದ್ದ ಬಟ್ಟೆ ಎದೆಯ ಹತ್ತಿರ ಉಬ್ಬಿಕೊಂಡಿತ್ತು, ಬಲತೋಳು ಮೊಣಕೈಯಲ್ಲಿ ಬಾಗಿತ್ತು. ತೊಳೆದು ಆಗಷ್ಟೇ ಒಣಗಿದ ಅಂಗಿಯ ಕಾಲರಿನ ಒಳಮೈಯಲ್ಲಿ ಬೆವರಿನ ಕಪ್ಪು ಗೆರೆ ಇತ್ತು. ಡೀಸೆಲ್ ವಾಸನೆ ಬಂತು.

“ಕಾಫಿ ಕುಡೀತೀರಾ?” ಎಂದಳು ಅಕ್ಕ. ನನ್ನನ್ನು ಕೇಳಿದ್ದಲ್ಲ. ನಾನು ಅವಳ ಬಾಯಲ್ಲಿ ಯಾವಾಗಲೂ ‘ನೀನು’, ‘ಹೋಗೇ’, ‘ಬಾರೇ’. ‘ನೀವು’ ಭಾವನಿಗೆ ಮಾತ್ರ. ಜಗಳವಾಡಿ ತಟ್ಟೆ ಕುಕ್ಕುವಾಗಲೂ ಬಹುವಚನ ಬಿಡುತ್ತಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ. ಭಾವ ನನ್ನನ್ನು ಮೆಣಸಿನಕಾಯಿ ಎಂದು ರೇಗಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ, ನಾನು ಮಾಡಿದೆ. ನಮ್ಮ ಬಡಾವಣೆಗೆ ಬರುವುದು ನದಿಯ ಮೆದು ನೀರು. ಮಾರನೆಯ ದಿನ ಎರಡು ಕ್ಯಾನ್ ತುಂಬಿಸಿ ಆಟೋದಲ್ಲಿ ಹೇರಿಕೊಂಡು ಬಂದು, ಅಕ್ಕ ತರಕಾರಿಗೆ ಹೋಗುವುದನ್ನೇ ಕಾದೆ. ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿದ ಕೂಡಲೇ ಅಂಗಿಯನ್ನು ಬಕೆಟ್ಟಿಗೆ ಅದ್ದಿದೆ.

ಮೊದಲು ಅದು ಮುಳುಗಲೇ ಇಲ್ಲ. ಭುಜ ಹಿಡಿದು ಒತ್ತಿದೆ. ಒಳಗಿಂದ ಗಾಳಿ ಬುಸ್ಸೆಂದು ಹೊರಬಂತು, ದಣಿದವರು ಕುರ್ಚಿಗೆ ಕುಸಿದಾಗ ಬಿಡುವ ಉಸಿರಿನ ಹಾಗೆ. ಸೋಪು ಹಾಕಿದೆ. ನೊರೆ! ಆ ಮನೆ ಕಾಣದ ನೊರೆ, ಬಕೆಟ್ಟಿನ ಅಂಚು ಮೀರಿ ಉಕ್ಕಿತು. ನೀರು ಸುಣ್ಣ ಕದಡಿದಂತೆ ಬೆಳ್ಳಗಾಯಿತು. ಹಿಂಡಿದರೆ ಅಂಗಿ ಬರೀ ಅಂಗಿ. ತಂತಿಗೆ ಹಾಕಿದರೆ ಜೋತುಬಿತ್ತು. ತೋಳು ನೆಟ್ಟಗಾಗಿತ್ತು.

ಅಷ್ಟು ಒಳ್ಳೆಯ ನೊರೆ ಚೆಲ್ಲಲು ಕೈ ಬರಲಿಲ್ಲ. ನಮ್ಮಮ್ಮ ಕಲಿಸಿದ ಅಭ್ಯಾಸ: ಒಂದು ಬಟ್ಟೆ ಒಗೆದ ನೊರೆಯಲ್ಲಿ ಇನ್ನೊಂದು ಬಟ್ಟೆ ಅದ್ದದೆ ನೀರು ಚೆಲ್ಲುವಂತಿಲ್ಲ. ಹೊಲಿಯುವಾಗ ತೊಡುವ ನನ್ನ ತುಂಬುತೋಳಿನ ಮೇಲಂಗಿ ಮೈಮೇಲೇ ಇತ್ತು. ಬಿಚ್ಚಿ ಅದನ್ನೂ ಅದರಲ್ಲೇ ಕುಕ್ಕಿದೆ.

ಅಕ್ಕ ಬಂದು ಚೀಲ ಕೆಳಗಿಟ್ಟಳು. ಜೋತುಬಿದ್ದ ತೋಳನ್ನು ಮುಟ್ಟಿ ನೋಡಿದಳು. ಕಿರುಚುತ್ತಾಳೆ ಅಂದುಕೊಂಡಿದ್ದೆ. ಅವಳು ನೆಲಕ್ಕೆ ಕೂತು ಅತ್ತಳು. ಭಾವ ಹೋದ ದಿನವೂ ಅಳದಿದ್ದವಳು.

“ತಪ್ಪಾಯ್ತು ಅಕ್ಕ. ನೀನು ಅವರನ್ನ ಇಟ್ಕೊಂಡಿದ್ದೆ, ನಾನು...”

“ಇಟ್ಕೊಂಡಿದ್ನಾ? ಹೋಗ್ಲಿ ಅಂತಾನೇ ಕಣೆ ದಿನಾ ತೊಳೀತಿದ್ದೆ. ಈ ನೀರು ಬಿಡ್ತಾನೇ ಇರ್ಲಿಲ್ಲ.” ಸೆರಗಿನಿಂದ ಮೂಗೊರೆಸಿಕೊಂಡಳು. “ನಡಿ, ನಿನ್ನ ಮನೆಗೆ ಹೋಗೋಣ. ಜೀವ ಹಗುರ ಆಯ್ತು.” ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, “ಆ ನೀರು ಚೆಲ್ಲಿದೀಯ ತಾನೆ?”

“ಚೆಲ್ಲಿದೆ,” ಎಂದೆ. ಸುಳ್ಳೇನಲ್ಲ, ಕೊನೆಗೆ ಚೆಲ್ಲಿದ್ದೆ.

ನನ್ನ ಮನೆಯಲ್ಲಿ ಅಕ್ಕ ಸೊಂಪಾಗಿ ನಿದ್ದೆ ಮಾಡಿದಳು. ತಲೆಗೆ ಸ್ನಾನ ಮಾಡಿ, ನೊರೆ ಕಂಡು ಮಗುವಿನ ಹಾಗೆ ಕೂಗಿ ನನ್ನನ್ನು ಕರೆದಳು. ಬೆರಳ ಬಿರುಕುಗಳು ಮುಚ್ಚಿದವು. ಗಂಡಸು ನೀರಿನ ಹಲಗೆಯನ್ನು ನೆನಪಿಸಿಕೊಂಡು ಒಂದು ಮಧ್ಯಾಹ್ನ ಬಿದ್ದುಬಿದ್ದು ನಕ್ಕಳು. ನಾನು ಗೆದ್ದೆ ಅಂದುಕೊಂಡೆ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಆ ವಾರ ಕತ್ತರಿ ನನ್ನ ಮಾತು ಕೇಳಲಿಲ್ಲ. ನೇರ ಗೆರೆ ಅಡ್ಡಕ್ಕೆ ಹೋಯಿತು. ಮೇಲಂಗಿಯ ಬಲತೋಳು ಹಪ್ಪಳದಂತೆ ಗಡುಸಾಗಿತ್ತು, ಅದರೊಳಗೆ ನನ್ನ ಕೈ ನೆಟ್ಟಗಾಗುತ್ತಿರಲಿಲ್ಲ. ಮೆದು ನೀರಲ್ಲಿ ಮತ್ತೆ ಮತ್ತೆ ಒಗೆದೆ. ಸೋಪು ನೊರೆ ಕೊಡಲಿಲ್ಲ. ಕಾಲರಿನ ಒಳಗೆ ಒಂದು ಕಪ್ಪು ಗೆರೆ ಕಂಡಿತು. ಬಿಚ್ಚಿ ಬಿಸಾಡಬೇಕು ಅನ್ನುತ್ತಲೇ ಬೆಳಗಾದರೆ ಅದನ್ನೇ ತೊಡುತ್ತಿದ್ದೆ. ಅಕ್ಕನಿಗೆ ಹೇಳಲು ಭಯವಾಯಿತು.

ಇವತ್ತು ಮಧ್ಯಾಹ್ನ ಅಕ್ಕ ಎರಡು ಲೋಟ ಕಾಫಿ ಹಿಡಿದು ನಗುತ್ತಾ ಬಂದಳು. ನಾನು ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿದ್ದೆ. ಅವಳು ಅಲ್ಲೇ ನಿಂತಳು. ಕಿಟಕಿಯ ಕಟ್ಟೆಗೆ ಊರಿದ್ದ ನನ್ನ ಬಲ ಮೊಣಕೈ ನೋಡಿದಳು. ಮುಖದ ನಗು ಇಳಿಯಿತು, ಇಷ್ಟು ದಿನದ ನಿದ್ದೆ, ನಗು, ಮೈಕಾಂತಿ ಎಲ್ಲ ಅದರ ಜೊತೆಗೇ ಇಳಿದವು. “ಅಕ್ಕಾ, ನಾನು ಕಣೆ,” ಎಂದು ಕೂಗಬೇಕೆನಿಸಿತು. ಮೊಣಕೈ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ.

ಲೋಟಗಳನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ನನ್ನೆದುರು ಕೈ ಚಾಚಿದಳು.

“ಬಿಚ್ಚಿ ಕೊಡಿ,” ಎಂದಳು ಮೆಲ್ಲಗೆ. “ತೊಳೆದು ಹಾಕ್ತೀನಿ.”