ಅಪ್ಪನ ಪಥ್ಯ

ವಾಷಿಂಗ್ಟನ್ ಹತ್ತಿರದ ಕೊಲಂಬಿಯಾ ಊರಿನ ಆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಆಗಸ್ಟ್ ತಿಂಗಳಲ್ಲೂ ಏಸಿ ಹಾಕುವಂತಿರಲಿಲ್ಲ, ಕಿಟಕಿ ತೆರೆಯುವಂತಿರಲಿಲ್ಲ. ಮನೆಯಲ್ಲಿ ಬಾಣಂತಿ ಇದ್ದಳು. ವೇದಾ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು, ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡು ಕುಳಿತಿರುತ್ತಿದ್ದಳು. ಅತ್ತೆ ಶಿವಬಸಮ್ಮ ಸೊಸೆಯ ಬಾಣಂತನಕ್ಕೆಂದೇ ಬಾಗಲಕೋಟೆಯಿಂದ ಬಂದವರು. ಬಾಣಂತಿಯ ಉಂಡೆಗೆ ಬೇಕಾಗುವ ಅಳವಿ, ಅಂಟು, ಒಣಕೊಬ್ಬರಿ ಎಲ್ಲ ಹೊತ್ತು ತಂದಿದ್ದರು. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಖಾರ ತಂದು ಎದುರಿಗೆ ಕುಳಿತು ಉಣಿಸುತ್ತಿದ್ದರು. ಪ್ರೀತಿಯಲ್ಲಿ ಕಡಿಮೆ ಮಾಡಿದರೆಂದು ಯಾರೂ ಹೇಳುವಂತಿರಲಿಲ್ಲ. ನೀರೊಂದನ್ನು ಮಾತ್ರ ಕೊಡುತ್ತಿರಲಿಲ್ಲ.

ಬೆಳಿಗ್ಗೆ ಓಮು ಹಾಕಿ ಕುದಿಸಿದ ನೀರು ಅರ್ಧ ಲೋಟ, ಸಂಜೆ ಅರ್ಧ ಲೋಟ. ಅಷ್ಟೇ.

“ಬಾಣಂತಿ ನೀರ ಕುಡದ್ರ ಹೊಟ್ಟಿ ಜೋತ ಬೀಳ್ತೈತಿ, ಕೂಸಿಗೆ ಶೀತ ಆಗ್ತೈತಿ. ನಾವೆಲ್ಲಾ ಹಡದಿಲ್ಲೇನ?”

“ಡಾಕ್ಟರ್ ತುಂಬಾ ನೀರು ಕುಡೀಬೇಕು ಅಂದ್ರು ಅತ್ತೆ.”

“ಆ ಡಾಕ್ಟರ ಎಷ್ಟ ಹಡದಾನ?”

ಒಮ್ಮೆ ವೇದಾ ಬಾತ್‌ರೂಮಿನ ನಲ್ಲಿಗೆ ಬೊಗಸೆಯೊಡ್ಡಿ ಕದ್ದು ಕುಡಿದಿದ್ದಳು. ಆ ಸಂಜೆಯೇ ಕೂಸು ಸೀನಿತು. ಅತ್ತೆ ಅವಳ ಮುಖವನ್ನೇ ನೋಡಿದರು. ಮರುದಿನ ನಲ್ಲಿಯ ಮುಂದೆ ನಿಂತರೂ ಅವಳಿಗೇ ಧೈರ್ಯ ಬರಲಿಲ್ಲ. ಮೈಸೂರಿನ ಎಂ.ಎಸ್‌ಸಿ. ಪದವೀಧರೆ, ನಲ್ಲಿ ನೀರಿಗೆ ಹೆದರಿ ವಾಪಸ್ ಬಂದು ಮಲಗಿದಳು. ಎದೆಹಾಲು ದಿನದಿಂದ ದಿನಕ್ಕೆ ಬತ್ತುತ್ತಾ ಬಂತು. ಕೂಸು ಚೀಪಿ ಚೀಪಿ ಸೋತು ಅಳುತ್ತಿತ್ತು. ಚೆಕಪ್‌ಗೆ ಹೋದಾಗ ಅದರ ತೂಕ ಹುಟ್ಟಿದಾಗಿನದಕ್ಕಿಂತ ಕಡಿಮೆಯಾಗಿತ್ತು. ಸೋಮವಾರದೊಳಗೆ ಏರದಿದ್ದರೆ ಕೂಸನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಇಷ್ಟಕ್ಕೂ ಆ ಮನೆಯ ಯಜಮಾನ ಈರಣ್ಣನೂ ಡಾಕ್ಟರೇ. ವಾಷಿಂಗ್ಟನ್ನಿನ ಒಂದು ಆರೋಗ್ಯ ಸಂಸ್ಥೆಯಲ್ಲಿ ಕೆಲಸ. ಮದುವೆಗೆ ಮೊದಲು ಎರಡು ವರ್ಷ ಈಕ್ವೆಡಾರಿನ ಮಳೆಕಾಡಿನಲ್ಲಿ ಕಿಚುವಾ ಎಂಬ ಆದಿವಾಸಿ ಜನರ ನಡುವೆ ಇದ್ದವನು. ಅವರ ಹೆಂಗಸರು ಮುಖಕ್ಕೆ ಕೆಂಪು ಬಳಿದುಕೊಂಡು, ಮಣ್ಣಿನ ತಾಯಿಗೆ ಹಾಡು ಹೇಳಿ ಮರಗೆಣಸು ನೆಡುವುದು, ನಸುಕಿನಲ್ಲೆದ್ದು ಎಲೆಯ ಕಷಾಯ ಕುಡಿಯುತ್ತಾ ಮನೆಮಂದಿಯೆಲ್ಲ ಕನಸು ಹೇಳಿಕೊಳ್ಳುವುದು, ಇವನ್ನೆಲ್ಲ ಕನ್ನಡ ಸಂಘದ ಪಾಟ್‌ಲಕ್ ಊಟಗಳಲ್ಲಿ ಸೊಗಸಾಗಿ ವರ್ಣಿಸುತ್ತಿದ್ದ. “ಒಳ್ಳೇ ಜನ. ಆದ್ರೆ ಮೂಢನಂಬಿಕೆ ಬಹಳ, ಅದೇ ಪ್ರಾಬ್ಲಮ್,” ಎಂದು ಮುಗಿಸುತ್ತಿದ್ದ. ಮನೆಯಲ್ಲಿ ಹೆಂಡತಿಗೆ ಮಾತ್ರ, “ಅವ್ವ ಇಷ್ಟು ದೂರದಿಂದ ಬಂದಾಳ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ.” ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಶುಕ್ರವಾರ ಅವನು ಡೆಲಿಯಾ ಎಂಬ ಕಿಚುವಾ ಹೆಂಗಸನ್ನು ಊಟಕ್ಕೆ ಕರೆತಂದ. ತಮ್ಮ ಊರಿನ ಕಷ್ಟ ಹೇಳಿಕೊಳ್ಳಲು ಆಕೆ ವಾಷಿಂಗ್ಟನ್ನಿಗೆ ಬಂದಿದ್ದಳು. ಅವನು ಆ ಕಾಡಿನಲ್ಲಿದ್ದಾಗ ಆಕೆಯ ಮನೆಯಲ್ಲೇ ಉಂಡವನು. ಈಗ ಆಕೆ ಜೋಳದ ರೊಟ್ಟಿಯನ್ನು ಮುರಿಮುರಿದು ತಿನ್ನುತ್ತಾ ಸ್ಪ್ಯಾನಿಷ್‌ನಲ್ಲಿ ಮಾತಾಡಿದಳು, ಅವನು ತಾಯಿಗೆ ಕನ್ನಡದಲ್ಲಿ ಹೇಳಿದ.

“ಎಣ್ಣಿ ಕಂಪನಿಯವರು ಇವರ ಹೊಳಿ ಕೆಡಿಸ್ಯಾರಂತ ಯವ್ವಾ. ಹುಡುಗ್ರ ಮೈಯೆಲ್ಲಾ ಹುಣ್ಣಂತ. ಹೆಣ್ಮಕ್ಕಳು ಕುಡಿಯೋ ನೀರಿಗೆ ಅಡವ್ಯಾಗ ದೂರ ನಡೀಬೇಕಂತ. ಹೊಳಿಯೊಳಗ ಇವರ ದೇವರು ಇರ್ತಾವಂತ, ಅವೂ ಬಿಟ್ಟು ಹೋದ್ವು ಅಂತಾಳ. ಇವರಿಗೆ ಬೇಕಾಗಿದ್ದು ಎರಡ. ಹೊಳಿ ಸ್ವಚ್ಛ ಆಗ್ಬೇಕು, ಕಾಡಿನ ಹಕ್ಕು ಇವರ ಹೆಸರಿಗೆ ಆಗ್ಬೇಕು.”

“ಅಯ್ಯ ಪಾಪ, ಎಂಥಾ ಕರ್ಮ ಬಂತು!” ಶಿವಬಸಮ್ಮ ನಿಜವಾಗಿಯೇ ಮರುಗಿ ಅತಿಥಿಯ ಲೋಟಕ್ಕೆ ಮತ್ತೆ ನೀರು ಹಾಕಿದರು. ಕೋಣೆಯಿಂದ ನೋಡುತ್ತಿದ್ದ ವೇದಾ ಒಣ ನಾಲಿಗೆಯಿಂದ ತುಟಿ ಸವರಿಕೊಂಡಳು.

ಊಟವಾದ ಮೇಲೆ ಡೆಲಿಯಾ ಕೂಸನ್ನು ನೋಡಲು ಒಳಗೆ ಬಂದಳು. ಬಾಣಂತಿಯ ಒಣಗಿ ಒಡೆದ ತುಟಿ ನೋಡಿ ಏನೋ ಕೇಳಿದಳು. ನೀರಿನ ಪಥ್ಯದ ವಿಷಯವನ್ನು ಈರಣ್ಣ ಹೇಳಲೇಬೇಕಾಯಿತು. ಇಷ್ಟು ಹೊತ್ತು ನೀರು ಕುಡಿದಷ್ಟು ಸಲೀಸಾಗಿ ಸ್ಪ್ಯಾನಿಷ್ ಆಡುತ್ತಿದ್ದವನು ಈಗ ತಡವರಿಸಿದ. ಅವನ ಕಿವಿ ಕೆಂಪಾದದ್ದನ್ನು ವೇದಾ ನೋಡಿದಳು. ಡೆಲಿಯಾ ನಗಲಿಲ್ಲ, ಹುಬ್ಬೇರಿಸಲೂ ಇಲ್ಲ. ತಲೆಯಾಡಿಸಿ ಗಂಭೀರವಾಗಿ ಇನ್ನೊಂದು ಪ್ರಶ್ನೆ ಕೇಳಿದಳು. ಅದನ್ನು ಈರಣ್ಣ ಕನ್ನಡಕ್ಕೆ ತರಲಿಲ್ಲ.

“ಏನಂದ್ರು? ಹೇಳ್ರೀ,” ಎಂದಳು ವೇದಾ.

“ಏನಿಲ್ಲ. ಅವರಲ್ಲೂ ಪಥ್ಯ ಇರ್ತದ. ಕೂಸಿನ ಜೀವ ಸ್ವಲ್ಪ ದಿನ ಅಪ್ಪನ ಬೆನ್ನ ಹಿಂದೆ ಅಡ್ಡಾಡ್ತದ ಅಂತ ನಂಬ್ತಾರ. ಅಪ್ಪ ಕೊಡಲಿ ಎತ್ತಿದ್ರ ಕೂಸಿಗೆ ನೋವು. ಅದಕ್ಕ ಅವನೂ ಬೇಟೆಗೆ ಹೋಗೂದಿಲ್ಲ, ಉಪ್ಪು ಖಾರ ತಿನ್ನೂದಿಲ್ಲ.” ಅವನು ಬೇರೆ ಕಡೆ ನೋಡುತ್ತಾ ಮುಂದುವರಿಸಿದ. “ನಿಮ್ಮಲ್ಲಿ ಅಪ್ಪ ಏನ ಬಿಡ್ತಾನ ಅಂತ ಕೇಳಿದ್ಲು.”

ಶಿವಬಸಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ಗಂಡಸರಿಗೆಂಥಾ ಪಥ್ಯ? ಅವರೇನ ಹಡದಾರೇನ?”

ವೇದಾ ನಗಲಿಲ್ಲ. ಅಪ್ಪ ಕೊಡಲಿ ಎತ್ತಿದರೆ ಮಗುವಿಗೆ ನೋಯುವುದಿಲ್ಲವೆಂದು ಅವಳಿಗೂ ಗೊತ್ತು. ಆದರೆ ಆ ಕಾಡಿನ ನಂಬಿಕೆಯಲ್ಲಿ ಗಂಡಸಿಗೂ ಒಂದು ಪಾಲಿತ್ತು. ತನ್ನ ಮನೆಯ ನಂಬಿಕೆಯಲ್ಲಿ ಭಾರವೆಲ್ಲ ತನ್ನೊಬ್ಬಳ ಗಂಟಲ ಮೇಲೆ. ಅವಳಿಗೆ ಸಿಟ್ಟು ಬಂತು, ಬಹಳ ದಿನದ ಮೇಲೆ ಬಂದ ಒಳ್ಳೆಯ ಸಿಟ್ಟು.

ಅತಿಥಿ ಹೋದ ಮೇಲೆ ಗಂಡನನ್ನು ಕರೆದಳು. “ನಾಳೆ ನಿಮಗೆ ರಜ. ನನಗೆಷ್ಟು ಕೊಡ್ತಾರೋ ನೀವೂ ಅಷ್ಟೇ ಕುಡೀರಿ. ಇದೇ ಕೋಣೇಲಿ ಕೂತ್ಕೊಳ್ಳಿ. ಆಗಲ್ಲ ಅಂದ್ರೆ ನಂಗೂ ಆಗಲ್ಲ.”

“ಸಿಲ್ಲಿಯಾಗಿ ಆಡ್ಬೇಡ ವೇದಾ.”

“ಸೋಮವಾರ ಮಗೂಗೆ ಸೂಜಿ ಚುಚ್ಚಿದಾಗ ಅಡ್ಜಸ್ಟ್ ಮಾಡ್ಕೋ ಅಂತ ಅದಕ್ಕೂ ಹೇಳ್ತೀರಾ?”

ಶನಿವಾರ ಬೆಳಿಗ್ಗೆ ಈರಣ್ಣ ಅರ್ಧ ಲೋಟ ಓಮಿನ ನೀರು ಕುಡಿದು ಬಂದು ಕುಳಿತ. ಬೆಳ್ಳುಳ್ಳಿ ಖಾರದ ಅನ್ನ ಉಂಡ. ಕಿಟಕಿ ಮುಚ್ಚಿತ್ತು, ಸೆಕೆ ಕುದಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಲೆ ಸಿಡಿಯತೊಡಗಿತು, ನಾಲಿಗೆ ಅಂಗುಳಕ್ಕೆ ಅಂಟಿತು. ಬೆಳಿಗ್ಗೆ ಇದನ್ನು ಹುಡುಗಾಟವೆಂದುಕೊಂಡಿದ್ದ ಶಿವಬಸಮ್ಮ ಮೊದಲು ಮಜ್ಜಿಗೆ ತಂದರು. ಅವನು ಬೇಡವೆಂದ. ಆಮೇಲೆ ತಂಬಿಗೆ ತುಂಬ ತಣ್ಣೀರು ತಂದರು. ಅವನು ಮುಖ ತಿರುಗಿಸಿದ. ತಾಯಿ ಜೀವ ತಡೆಯಲಿಲ್ಲ.

“ಹಟ ಬಿಡೋ ಯಪ್ಪಾ! ನೀರಿಲ್ದ ಮನಷ್ಯಾ ಉಳೀತಾನೇನ?”

“ನಾನು ಮನುಷ್ಯಳಲ್ವಾ ಅತ್ತೆ?” ಎಂದಳು ವೇದಾ. ಅವಳ ದನಿ ಏರಲಿಲ್ಲ. “ಆ ತಂಬಿಗೆ ಇಲ್ಲಿ ಕೊಡಿ. ನೀವು ಕೊಡದಿದ್ರೂ ಇವತ್ತು ನಾನು ಎದ್ದು ಹೋಗಿ ಕುಡೀತೀನಿ. ನಿಮ್ಮೆದುರಿಗೇ ಕುಡೀತೀನಿ.”

ಶಿವಬಸಮ್ಮ ತಂಬಿಗೆ ಹಿಡಿದುಕೊಂಡೇ ಮಂಚದ ಅಂಚಿಗೆ ಕುಸಿದು ಕುಳಿತರು. ಚೀಪಿ ಸೋತು ಅಳುತ್ತಿದ್ದ ಕೂಸಿನ ಕಡೆ ನೋಡಿದರು.

“ನನಗೂ ಕೊಡಲಿಲ್ಲ,” ಎಂದರು. “ಈರಣ್ಣನ ಮೊದಲ ಒಂದು ಹೆಣ್ಣುಕೂಸು ಹುಟ್ಟಿತ್ತು. ಹಿಂಗ ಅಳತಿತ್ತು. ನನ್ನ ಎದಿ ಬತ್ತಿ ಹೋತು. ಯಾರದೋ ದೃಷ್ಟಿ ತಾಗೇತಿ ಅಂದ್ರು ನಮ್ಮತ್ತಿ. ತಿಂಗಳ ತುಂಬಲಿಲ್ಲ ಅದಕ್ಕ.” ತನಗೊಬ್ಬ ಅಕ್ಕ ಇದ್ದಳೆಂಬುದನ್ನು ಈರಣ್ಣ ಅಂದೇ ಕೇಳಿದ್ದು. ತಾಯಿ ಅವನತ್ತ ತಿರುಗಿದರು. “ನೀ ಡಾಕ್ಟರ ಅದಿ. ಖರೇ ಹೇಳು. ಆಕಿ ಹಾಲಿಲ್ದ ಸತ್ತಳೇನ?”

ಏನಾದರೊಂದು ಸಮಾಧಾನ ಹೇಳಿ ಜಾರಿಕೊಳ್ಳುತ್ತಾನೆ ಎಂದುಕೊಂಡಳು ವೇದಾ.

“ಹೌದು ಯವ್ವಾ,” ಎಂದ ಈರಣ್ಣ.

ಶಿವಬಸಮ್ಮ ಅಳಲಿಲ್ಲ. ತಂಬಿಗೆಯನ್ನು ಸೊಸೆಯ ಎರಡೂ ಕೈಗಳಲ್ಲಿ ಇಟ್ಟರು. ವೇದಾ ಗಟಗಟ ಕುಡಿದಳು. ಕೊರಳ ಮೇಲೆ, ಎದೆಯ ಮೇಲೆ ನೀರು ಹರಿಯಿತು, ಒರೆಸಿಕೊಳ್ಳಲಿಲ್ಲ. ಅತ್ತೆ ಖಾಲಿ ತಂಬಿಗೆ ತೆಗೆದುಕೊಂಡು ಅಡಿಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿತು. ತಂಬಿಗೆ ತುಂಬಿ ನೀರು ಸಿಂಕಿಗೆ ಚೆಲ್ಲುತ್ತಿದ್ದರೂ ಅವರು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.